ನಾಲ್ಕು ಪುಟದ ಭಯ: ‘ಮಿಸ್ಟಿ’ ಮಾದರಿಯ ಸ್ವತಂತ್ರ ಕಾಮಿಕ್ ಒಂದರ ಪ್ರಕರಣ ಅಧ್ಯಯನ

ಸನ್ನಿವೇಶ ಇದು. ಕಥೆ ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇಬ್ಬರು, ಅಕ್ಷರ ಕೂರಿಸುವವರು ಒಬ್ಬರು. ಬ್ರಿಟನ್ನಿನ ಕಾಮಿಕ್ ಮೇಳಗಳಲ್ಲಿ ಮೇಜು ಹಾಕಿ ಮಾರಲು, ಮಿಕ್ಕ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಲು ಒಂದು ಭಯದ ಕಾಮಿಕ್ ತರಬೇಕು. ಎ4 ಅಳತೆ, 32 ಪುಟ, ಒಳಪುಟಗಳು ಕಪ್ಪು-ಬಿಳುಪು, ಸೆಂಟರ್ ಪಿನ್. ಹಿಂದೆ ಪ್ರಕಾಶಕರಿಲ್ಲ. ಕಣ್ಣ ಮುಂದಿರುವ ಮಾದರಿ 1970ರ ದಶಕದ ಬ್ರಿಟಿಷ್ ಹುಡುಗಿಯರ ವಾರಪತ್ರಿಕೆಗಳು, ಅವುಗಳಲ್ಲೂ ‘ಮಿಸ್ಟಿ’. ಇದು ಯಾವುದೋ ಒಂದು ತಂಡದ ವರದಿಯಲ್ಲ. ಇಂಥ ತಂಡಗಳಿಗೆ ಎದುರಾಗುವ ತೊಡಕುಗಳನ್ನು ಒಂದೇ ಸಂಚಿಕೆಯೊಳಗೆ ತಂದು, ಒಂದು ಕಥೆಯನ್ನು ಬುಡದಿಂದ ಕಟ್ಟಿ ನೋಡುವ ಕೆಲಸ.

ಹಳೆಯ ಕಾಮಿಕ್‌ನ ಮೇಲ್ಮೈಯನ್ನು ನಕಲು ಮಾಡುವುದು ಬಹಳ ಸುಲಭ. ಹಳದಿಗಟ್ಟಿದ ಕಾಗದ, ದಪ್ಪ ಚುಕ್ಕೆ, ಉದ್ದ ಕೂದಲಿನ ಹುಡುಗಿ, ಚಂದ್ರ, ಬಾವಲಿ. ಇಷ್ಟು ಸೇರಿಸಿದರೆ ನೋಡಲು ‘ಮಿಸ್ಟಿ’ಯಂತೆಯೇ ಇರುತ್ತದೆ, ಓದಿದರೆ ಏನೂ ಆಗುವುದಿಲ್ಲ. ಆ ಪತ್ರಿಕೆಗಳ ಭಯ ಹುಟ್ಟುತ್ತಿದ್ದದ್ದು ಪುಟಗಳ ಬಿಗಿ ಲೆಕ್ಕದಿಂದ, ಮತ್ತು ಹುಡುಗಿಯ ಸಣ್ಣ ತಪ್ಪಿಗೆ ಬೀಳುವ ವಿಪರೀತ ಶಿಕ್ಷೆಯಿಂದ. ಈ ಎರಡು ಕೈಗೆ ಬಂದರೆ ಬಾವಲಿಗಳನ್ನು ಬಿಟ್ಟರೂ ನಡೆಯುತ್ತದೆ.

ಮಾದರಿಯನ್ನು ಬಿಚ್ಚಿ ನೋಡಿದರೆ

‘ಮಿಸ್ಟಿ’ಯ ಮೊದಲ ಸಂಚಿಕೆಯ ಮೇಲಿರುವ ತಾರೀಖು 1978ರ ಫೆಬ್ರವರಿ 4, ಕೊನೆಯದರ ಮೇಲಿರುವುದು 1980ರ ಜನವರಿ 12. ಒಟ್ಟು 101 ಸಂಚಿಕೆ. ಪ್ರಕಟಿಸಿದ್ದು ಲಂಡನ್ನಿನ ಐಪಿಸಿ. ಕಲ್ಪನೆ ಪ್ಯಾಟ್ ಮಿಲ್ಸ್ ಅವರದು. ಹುಡುಗರಿಗಾಗಿ ‘2000 ಎಡಿ’ಯನ್ನು ಅವರು ಹುಟ್ಟುಹಾಕಿ ಆಗಿನ್ನೂ ಒಂದೇ ವರ್ಷವಾಗಿತ್ತು. ದೊಡ್ಡವರು ಓದುವ ಭಯದ ಕಾದಂಬರಿಯ ಎಲುಬನ್ನು ತೆಗೆದು ಶಾಲಾ ಹುಡುಗಿಯೊಬ್ಬಳ ಬದುಕಿನ ಮೇಲೆ ಕೂರಿಸುವುದು ಅವರ ಯೋಚನೆ. ಮೊದಲ ಸಂಚಿಕೆಯಿಂದಲೇ ಬಂದ ‘ಮೂನ್‌ಚೈಲ್ಡ್’ ಧಾರಾವಾಹಿಯನ್ನು ಅವರೇ ಬರೆದರು, ಚಿತ್ರ ಜಾನ್ ಆರ್ಮ್‌ಸ್ಟ್ರಾಂಗ್ ಅವರದು. ಸ್ಟೀಫನ್ ಕಿಂಗ್ ಅವರ ‘ಕ್ಯಾರಿ’ ಕಾದಂಬರಿಯ ನೆರಳು ಅದರ ಮೇಲೆ ನಿಚ್ಚಳವಾಗಿದೆ. ಹಣೆಯ ಮೇಲೆ ಅರ್ಧಚಂದ್ರದ ಗುರುತಿರುವ ಹುಡುಗಿ, ಅವಳನ್ನು ದ್ವೇಷಿಸುವ ತಾಯಿ, ಕೈ ತಾಗಿಸದೆ ವಸ್ತುಗಳನ್ನು ಅಲುಗಾಡಿಸುವ ಶಕ್ತಿ. ಆದರೆ ಓದುಗರನ್ನು ಹಿಡಿದದ್ದು ಬರೀ ಆ ಶಕ್ತಿಯಲ್ಲ. ಮನೆಯಲ್ಲೂ ಶಾಲೆಯಲ್ಲೂ ಅವಳ ಪರ ನಿಲ್ಲುವವರಿಲ್ಲ ಎಂಬ ಸಂಕಟ.

ಅದೇ ಕಾಲಕ್ಕೆ ಬಂದ ‘ದಿ ಸೆಂಟಿನೆಲ್ಸ್’ ಇನ್ನೊಂದು ದಾರಿ ತೋರಿಸಿತು. ಬರಹ ಮಾಲ್ಕಮ್ ಶಾ, ಚಿತ್ರ ಮಾರಿಯೋ ಕಪಾಲ್ಡಿ. ಊರಿನಲ್ಲಿ ಎರಡು ಎತ್ತರದ ವಸತಿ ಕಟ್ಟಡ. ಒಂದರಲ್ಲಿ ಜನ, ಇನ್ನೊಂದು ಖಾಲಿ. ಖಾಲಿ ಕಟ್ಟಡದೊಳಗೆ ಹೋದವರು ನಾಜಿಗಳು ಯುದ್ಧ ಗೆದ್ದಿರುವ ಬೇರೊಂದು ಬ್ರಿಟನ್ನಿಗೆ ಹೋಗಿಬಿಡುತ್ತಾರೆ. ಹಳೆಯ ಕೋಟೆ ಬೇಡ, ಮಂಜು ಮುಸುಕಿದ ಸ್ಮಶಾನ ಬೇಡ. ಓದುವ ಹುಡುಗಿ ದಿನವೂ ಹಾದುಹೋಗುವ ಕಾಂಕ್ರೀಟ್ ಗೋಡೆಯೇ ಸಾಕು. ಇಂದು ಈ ಬಗೆಯ ಕಾಮಿಕ್ ಮಾಡುವವರು ಮೊದಲು ಕಲಿಯಬೇಕಾದ್ದು ಈ ಕಥೆಯಿಂದ ಎಂದು ನಮ್ಮ ಅಭಿಪ್ರಾಯ.

ಇದೆಲ್ಲ ‘ಮಿಸ್ಟಿ’ಯಿಂದಲೇ ಶುರುವಾದದ್ದಲ್ಲ. ಡಿ.ಸಿ. ಥಾಮ್ಸನ್ ಎಂಬ ಇನ್ನೊಂದು ಪ್ರಕಾಶನ ಸಂಸ್ಥೆಯ ಭಯದ ವಾರಪತ್ರಿಕೆ ‘ಸ್ಪೆಲ್‌ಬೌಂಡ್’ 1976ರಿಂದ 1978ರ ಜನವರಿವರೆಗೆ 69 ಸಂಚಿಕೆ ನಡೆದಿತ್ತು. ಕಥೆ ಹೇಳುವ ನಿರೂಪಕ ಪಾತ್ರವೂ ಆಗಲೇ ಬಳಕೆಯಲ್ಲಿತ್ತು: ಅಲ್ಲಿ ಡೇಮಿಯನ್ ಡಾರ್ಕ್, ಹುಡುಗಿಯರ ಇತರ ಪತ್ರಿಕೆಗಳಾದ ‘ಜಿಂಟಿ’ಯಲ್ಲಿ ಜಿಪ್ಸಿ ರೋಸ್, ‘ಜೂನ್’ ಮತ್ತು ‘ಟ್ಯಾಮಿ’ಯಲ್ಲಿ ಸ್ಟೋರಿಟೆಲ್ಲರ್. ಶರ್ಲಿ ಬೆಲ್‌ವುಡ್ ಬಿಡಿಸಿದ ಮಿಸ್ಟಿ ಎಂಬ ಹುಡುಗಿ ಇವರೆಲ್ಲರಿಗಿಂತ ಹತ್ತಿರದವಳಾದದ್ದು ಏಕೆಂದರೆ ಅವಳು ಹೆದರಿಸುವುದಿಲ್ಲ, ಬರಮಾಡಿಕೊಳ್ಳುತ್ತಾಳೆ. ಪ್ರತಿ ವಾರ ಒಳಪುಟದಲ್ಲಿ ನಿಂತು ಗೆಳತಿಯಂತೆ ನಾಲ್ಕು ಮಾತು ಹೇಳಿ ಪಕ್ಕಕ್ಕೆ ಸರಿಯುತ್ತಾಳೆ.

ರಕ್ತ ಕಾಣದಿರಲು ಕಾರಣಗಳಿದ್ದವು. ಅಮೆರಿಕದ ಭಯಾನಕ ಕಾಮಿಕ್‌ಗಳ ವಿರುದ್ಧ ಎದ್ದ ಗದ್ದಲದ ಫಲವಾಗಿ ಬ್ರಿಟನ್ 1955ರಲ್ಲಿ ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳ ಕಾಯ್ದೆ ತಂದಿತು. ಅಪರಾಧ, ಕ್ರೌರ್ಯ, ಜುಗುಪ್ಸೆಯ ಘಟನೆಗಳನ್ನು ಮುಖ್ಯವಾಗಿ ಚಿತ್ರಗಳಲ್ಲೇ ಹೇಳಿ ಮಕ್ಕಳ ಮನಸ್ಸು ಕೆಡಿಸಬಹುದಾದ ಪ್ರಕಟಣೆಗಳು ಅದರ ಗುರಿ. ಅದಕ್ಕಿಂತ ತೀರ ಹತ್ತಿರದ ಪೆಟ್ಟು 1976ರದು. ಐಪಿಸಿಯದೇ ಹುಡುಗರ ಪತ್ರಿಕೆ ‘ಆ್ಯಕ್ಷನ್’ ಹಿಂಸೆಯ ಆರೋಪಕ್ಕೆ ಸಿಕ್ಕಿ, ಆ ಅಕ್ಟೋಬರಿನಲ್ಲಿ ಅಚ್ಚಾಗಿದ್ದ ಸಂಚಿಕೆಯನ್ನೇ ನಾಶ ಮಾಡಬೇಕಾಯಿತು. ಹಾಗಾಗಿ ಹುಡುಗಿಯರ ಪತ್ರಿಕೆಯ ಭಯ ಗಾಯದಲ್ಲಿ ಇರುವಂತಿರಲಿಲ್ಲ. ಕನ್ನಡಿಯಲ್ಲಿ ಕಾಣುವ ಬೇರೆ ಮುಖದಲ್ಲಿ, ಗುರುತು ಹಿಡಿಯದ ತಾಯಿಯಲ್ಲಿ, ತೆರೆಯಲಾಗದ ಬಾಗಿಲಿನಲ್ಲಿ ಇರಬೇಕಿತ್ತು. ಕಟ್ಟುಪಾಡಿನಿಂದ ಬಂದದ್ದೇ ಕೊನೆಗೆ ಆ ಬಗೆಯ ಜೀವವಾಯಿತು. ಈಗ ದೊಡ್ಡವರಿಗಾಗಿ ಮಾಡುವ ತಂಡ ರಕ್ತ ತೋರಿಸಬಹುದು. ತೋರಿಸಿದ ಪುಟದಲ್ಲೇ ಕಥೆ ಬೇರೆ ಜಾತಿಗೆ ಸೇರುತ್ತದೆ.

ಪುಟದ ಲೆಕ್ಕ

‘ಮಿಸ್ಟಿ’ಯ ಒಂದು ಸಂಚಿಕೆ 32 ಪುಟ, ಧಾರಾವಾಹಿಯ ಕಂತು ಸಾಮಾನ್ಯವಾಗಿ ನಾಲ್ಕು ಪುಟ, ಒಂದೇ ಸಲಕ್ಕೆ ಮುಗಿಯುವ ಬಿಡಿ ಕಥೆಯೂ ಹೆಚ್ಚಾಗಿ ನಾಲ್ಕೇ ಪುಟ. ಈ ನಾಲ್ಕನ್ನು ಹಿಡಿದುಕೊಂಡರೆ ನಮ್ಮ ಸಂಚಿಕೆಯೂ ತಾನಾಗಿ ಜೋಡಿಸಿಕೊಳ್ಳುತ್ತದೆ. 1 ಮುಖಪುಟ. 2 ನಿರೂಪಕಿಯ ಸ್ವಾಗತ. 3ರಿಂದ 30ರವರೆಗೆ 28 ಪುಟ, ಅಂದರೆ ನಾಲ್ಕು ಪುಟದ ಏಳು ತುಂಡು. 31ರಲ್ಲಿ ಯಾರ್ಯಾರು ಏನು ಮಾಡಿದರು ಎಂಬ ವಿವರ ಮತ್ತು ಓದುಗರಿಗೆ ವಿಳಾಸ. 32 ಹಿಂಬದಿ.

ಈ ಜೋಡಣೆಯ ನಿಜವಾದ ಲಾಭ ಬೇರೆ. ಪ್ರತಿ ತುಂಡೂ 3, 7, 11, 15, 19, 23, 27ರಲ್ಲಿ, ಅಂದರೆ ಬಲಗಡೆಯ ಪುಟದಲ್ಲಿ ಶುರುವಾಗುತ್ತದೆ. ಕಥೆಯ ಮೊದಲ ಪುಟ ಬಲಗಡೆ. ತಿರುಗಿಸಿದರೆ ಎರಡು ಮತ್ತು ಮೂರು ಎದುರುಬದುರು. ಮತ್ತೆ ತಿರುಗಿಸಿದರೆ ನಾಲ್ಕನೆಯದು. ಹೀಗಾಗಿ ಕೊನೆಯ ಪುಟದ ಆಘಾತ ಕಾಗದದ ಹಿಂದೆ ಅಡಗಿರುತ್ತದೆ. ಅದೇ ಕಥೆ ಎಡಗಡೆಯಲ್ಲಿ ಶುರುವಾದರೆ ಮೂರು ಮತ್ತು ನಾಲ್ಕನೇ ಪುಟ ಒಟ್ಟಿಗೆ ತೆರೆದುಕೊಳ್ಳುತ್ತವೆ. ಓದುಗರು ಮೂರನೇ ಪುಟದ ಮೊದಲ ಮಾತು ಓದುವ ಮುನ್ನವೇ ಕಣ್ಣು ಕೊನೆಯ ಪ್ಯಾನೆಲ್ (ಚೌಕಟ್ಟಿನೊಳಗಿನ ಒಂದು ಚಿತ್ರ) ಮೇಲೆ ಬಿದ್ದಿರುತ್ತದೆ. ಯಾರದೋ ಒಂದು ಪುಟದ ಜಾಹೀರಾತನ್ನು 7ನೇ ಪುಟಕ್ಕೆ ತುರುಕಿದರೆ ಅಲ್ಲಿಂದ ಮುಂದಿನ ಎಲ್ಲ ಕಥೆಗಳೂ ಎಡಕ್ಕೆ ಜಾರುತ್ತವೆ. ಸ್ವತಂತ್ರ ಕಾಮಿಕ್‌ಗಳಲ್ಲಿ ಒಳ್ಳೆಯ ಕೊನೆಗಳು ಹಾಳಾಗಲು ಇದು ಬಹು ದೊಡ್ಡ ಕಾರಣ, ಮತ್ತು ಇದನ್ನು ಸರಿಪಡಿಸಲು ಕಾಸೂ ಖರ್ಚಿಲ್ಲ. ಜಾಹೀರಾತು ಇರಲೇಬೇಕಾದರೆ 31ರಲ್ಲೋ 32ರಲ್ಲೋ ಇರಲಿ.

32 ಪುಟದ ಸೆಂಟರ್ ಪಿನ್ ಪುಸ್ತಕದಲ್ಲಿ ಎದುರುಬದುರು ಬರುವ ಪುಟಗಳ ಪೈಕಿ 16 ಮತ್ತು 17 ಮಾತ್ರ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಚ್ಚಾಗುತ್ತವೆ. ಮಡಿಕೆಯನ್ನು ದಾಟಿ ಹೋಗುವ ದೊಡ್ಡ ಚಿತ್ರ ಬೇಕಿದ್ದರೆ ಅದು ಅಲ್ಲೇ ಬರಬೇಕು. ಬೇರೆ ಕಡೆ ಎರಡು ಹಾಳೆ ಸೇರುವ ಜಾಗದಲ್ಲಿ ಒಂದೆರಡು ಮಿ.ಮೀ. ಏರುಪೇರಾದರೂ ಮುಖವೊಂದು ಸೀಳಿಹೋಗುತ್ತದೆ. 15ರಿಂದ ಶುರುವಾಗುವ ನಾಲ್ಕನೇ ಕಥೆಗೆ ಈ ಸೌಲಭ್ಯ ತಾನಾಗಿ ಸಿಗುತ್ತದೆ. ಅತ್ಯಂತ ವಿಸ್ತಾರವಾದ ದೃಶ್ಯವಿರುವ ಕಥೆಯನ್ನು ಅಲ್ಲಿಗೆ ಮೀಸಲಿಡಿ.

ಧಾರಾವಾಹಿಯ ಆಸೆ ಎಲ್ಲರಿಗೂ ಇರುತ್ತದೆ. ಆದರೆ ‘ಮಿಸ್ಟಿ’ಯ ಓದುಗರು ಕಾಯಬೇಕಿದ್ದದ್ದು ಏಳು ದಿನ, ಸ್ವತಂತ್ರ ಕಾಮಿಕ್‌ನ ಓದುಗರು ಕಾಯಬೇಕಾದ್ದು ಒಂದು ವರ್ಷವೂ ಆಗಬಹುದು. ಕತ್ತಿನ ಮೇಲೆ ಬೀಳಲಿರುವ ನೆರಳು ವರ್ಷವಿಡೀ ನೇತಾಡುವುದಿಲ್ಲ, ಮರೆತುಹೋಗುತ್ತದೆ. ಒಂದು ಉಪಾಯವಿದೆ: ಎಂಟು ಪುಟದ ಒಂದೇ ಕಥೆಯನ್ನು ಎರಡಾಗಿ ಮುರಿದು ಮೊದಲರ್ಧವನ್ನು 3–6ರಲ್ಲಿ, ಉಳಿದದ್ದನ್ನು 27–30ರಲ್ಲಿ ಇಡುವುದು. ನಡುವೆ ಐದು ಬಿಡಿ ಕಥೆ. ಓದುಗರು ಕಾಯುವ ಸುಖವೂ ಸಿಗುತ್ತದೆ, ಉತ್ತರವೂ ಕೈಯಲ್ಲೇ ಇರುತ್ತದೆ.

ಕೆಲಸದ ಹೊರೆಯನ್ನೂ ಈಗಲೇ ಅಳೆಯಬೇಕು. ಪೆನ್ಸಿಲ್ ಮತ್ತು ಇಂಕ್ ಸೇರಿ ಒಂದು ಪುಟಕ್ಕೆ ಎರಡು ದಿನ ಎಂದು ಹಿಡಿದರೆ 28 ಪುಟಕ್ಕೆ 56 ದಿನ. ಇಬ್ಬರು ಹಂಚಿಕೊಂಡರೆ ತಲಾ 28. ಬೇರೆ ಉದ್ಯೋಗ ಇಟ್ಟುಕೊಂಡು ವಾರಾಂತ್ಯದಲ್ಲಷ್ಟೇ ಕೂರುವವರಿಗೆ ಅದು 14 ವಾರ. ಮುಖಪುಟ, ಅಕ್ಷರ, ತಿದ್ದುಪಡಿ ಇದರ ಮೇಲೆ. ಮೇಳಕ್ಕೆ ಮೂರು ತಿಂಗಳಿದೆ ಎಂದು ಹೊರಟರೆ ತಲುಪುವುದಿಲ್ಲ.

ಒಂದು ಕಥೆ: ತಪ್ಪಿನ ಆಕಾರದ ಶಿಕ್ಷೆ

7ರಿಂದ 10ನೇ ಪುಟದ ಬಿಡಿ ಕಥೆಯನ್ನು ತೆಗೆದುಕೊಳ್ಳೋಣ. ಕಾಲ 1978ರ ಚಳಿಗಾಲ, ಜಾಗ ಯಾರ್ಕ್‌ಶೈರ್ ಕರಾವಳಿಯ ಊರೊಂದರ ಹುಡುಗಿಯರ ಶಾಲೆ. ನಾಯಕಿ ಕ್ಯಾರೊಲ್, ಹದಿಮೂರು ವರ್ಷ. ಮಕ್ಕಳು ಬಿಟ್ಟುಹೋದ ವಸ್ತುಗಳ ಪೆಟ್ಟಿಗೆಯನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಬಿದ್ದಿದೆ. ಬ್ರಿಟಿಷ್ ಶಾಲೆಗಳಲ್ಲಿ ಸಮವಸ್ತ್ರದ ಪ್ರತಿ ಬಟ್ಟೆಗೂ ಮಗುವಿನ ಹೆಸರು ನೇಯ್ದ ಸಣ್ಣ ಪಟ್ಟಿಯನ್ನು ತಾಯಂದಿರು ಹೊಲಿದು ಕಳಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಒಂದು ಜೊತೆ ಚೆಂದದ ಕೈಗವಸು ಸಿಗುತ್ತದೆ. ಕ್ಯಾರೊಲ್ ಅದರೊಳಗಿನ ಹೆಸರಿನ ಪಟ್ಟಿಯ ಹೊಲಿಗೆ ಬಿಚ್ಚಿ ಎಸೆದು ಅದನ್ನು ತಾನಿಟ್ಟುಕೊಳ್ಳುತ್ತಾಳೆ. ಅಲ್ಲಿಂದ ಅವಳ ಹೆಸರು ಒಂದೊಂದೇ ಕಡೆಯಿಂದ ಅಳಿಯತೊಡಗುತ್ತದೆ.

ಮೊದಲ ಕರಡಿನಲ್ಲಿ ಇಂಥ ಕಥೆಗಳು ಬಹುತೇಕ ಒಂದೇ ರೀತಿ ಹಾದಿ ತಪ್ಪುತ್ತವೆ. ಕೈಗವಸು ಸತ್ತ ಹುಡುಗಿಯೊಬ್ಬಳದು, ಅವಳು ಸಮುದ್ರದಲ್ಲಿ ಮುಳುಗಿದ್ದಳು, ಹಳೆಯ ದಾದಿಯೊಬ್ಬಳು ಅದನ್ನು ವಿವರಿಸುತ್ತಾಳೆ. ವಿವರಣೆಗೆ ಕಡಿಮೆಯೆಂದರೂ ಆರು ಪ್ಯಾನೆಲ್ ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಪುಟ, ಕಥೆಯ ಕಾಲು ಭಾಗ. ವಿವರಿಸಿದ ಮೇಲೆ ಅದು ಬೇರೊಬ್ಬಳ ದೆವ್ವದ ಕಥೆಯಾಗುತ್ತದೆ. ಕ್ಯಾರೊಲ್ ಮಾಡಿದ ತಪ್ಪಿಗೂ ಆಗುವ ಶಿಕ್ಷೆಗೂ ನಡುವಿನ ದಾರ ಕಡಿದುಹೋಗುತ್ತದೆ. ದಾದಿಯನ್ನು ತೆಗೆದುಹಾಕಿ. ಹೆಸರು ಕಿತ್ತವಳ ಹೆಸರು ಹೋಗುತ್ತದೆ, ಅಷ್ಟೇ ನಿಯಮ. ಓದುಗರು ಅದನ್ನು ಎರಡನೇ ಪುಟದಲ್ಲಿ ತಾವೇ ಕಂಡುಕೊಳ್ಳಬೇಕು.

ಪುಟವಾರು ಹೀಗೆ. 7ನೇ ಪುಟದ ಮೇಲರ್ಧ ಒಂದೇ ದೊಡ್ಡ ಚಿತ್ರ: ತೆರೆದ ಪೆಟ್ಟಿಗೆ, ಅದರೊಳಗಿಂದ ಕಾಣುವ ಕ್ಯಾರೊಲ್‌ಳ ಮುಖ, ಮೇಲೆ ಕಥೆಯ ಹೆಸರು. ಕಥೆಯ ಆರಂಭದ ಘಟನೆಯನ್ನಲ್ಲ, ಅದರ ಮನಸ್ಥಿತಿಯನ್ನು ಮೊದಲೇ ತೋರಿಸಿಬಿಡುವ ಈ ಕ್ರಮ ‘ಮಿಸ್ಟಿ’ಯ ಪುಟಗಳ ದೊಡ್ಡ ಬಲ. ಕೆಳಗೆ ಮೂರು ಸಣ್ಣ ಪ್ಯಾನೆಲ್: ಕೆಲಸ ಒಪ್ಪಿಸುವ ಶಿಕ್ಷಕಿ, ಕೈಗವಸು, ಹೊಲಿಗೆ ಬಿಚ್ಚುವ ಕತ್ತರಿಯ ತುದಿ. ತಪ್ಪು ಮೊದಲ ಪುಟದಲ್ಲೇ ಮುಗಿಯಬೇಕು. ಎರಡನೇ ಪುಟಕ್ಕೆ ಹೋದರೆ ಶಿಕ್ಷೆಗೆ ಜಾಗ ಸಾಲದು.

8ನೇ ಪುಟ, ಏಳು ಪ್ಯಾನೆಲ್. ಎರಡನೆಯದರಲ್ಲಿ ರಾತ್ರಿಯ ಊಟದ ಮೇಜು, ಮೂರು ತಟ್ಟೆ, ಅಪ್ಪ ಅಮ್ಮ ಕ್ಯಾರೊಲ್. ಯಾರೂ ತಟ್ಟೆಗಳ ಬಗ್ಗೆ ಮಾತಾಡುವುದಿಲ್ಲ, ಆದರೆ ಮೂರೂ ಸ್ಪಷ್ಟವಾಗಿ ಕಾಣಬೇಕು. ಮುಂದೆ ಹಾಜರಿ ಕರೆಯುವಾಗ ಶಿಕ್ಷಕಿ ಅವಳ ಹೆಸರು ದಾಟಿ ಹೋಗುತ್ತಾರೆ. ಅದು ಮರೆವೂ ಇರಬಹುದು. ಕೊನೆಯ ಪ್ಯಾನೆಲ್‌ನಲ್ಲಿ ಅವಳು ತನ್ನ ಬ್ಲೇಜರ್‌ನ ಕತ್ತಿನ ಪಟ್ಟಿ ನೋಡುತ್ತಾಳೆ: ಖಾಲಿ ಬಿಳಿ.

9ನೇ ಪುಟ, ಮತ್ತೆ ಏಳು. ಗೆಳತಿಯರು ಅವಳು ನಿಂತಿರುವ ಜಾಗವನ್ನೇ ಹಾದು ಹೋಗುತ್ತಾರೆ. ನೋಟ್‌ಬುಕ್‌ಗಳ ಮೇಲೆ ಹೆಸರಿಲ್ಲ. ಅವಳು ಕೈಗವಸನ್ನು ಪೆಟ್ಟಿಗೆಗೆ ಹಿಂದಿರುಗಿಸಲು ಓಡುತ್ತಾಳೆ, ಆದರೆ ಕಿತ್ತೆಸೆದ ಪಟ್ಟಿ ಸಿಗುವುದಿಲ್ಲ. ಈ ಪ್ಯಾನೆಲ್ ಇಲ್ಲದಿದ್ದರೆ ಓದುಗರು “ವಾಪಸ್ ಕೊಟ್ಟರಾಯಿತಲ್ಲ” ಎಂದುಕೊಳ್ಳುತ್ತಾರೆ. ತಪ್ಪಿಸಿಕೊಳ್ಳುವ ದಾರಿಯನ್ನು ಪಾತ್ರವೇ ಹುಡುಕಿ ಸೋಲಬೇಕು. ಕೊನೆಯ ಪ್ಯಾನೆಲ್, ಬಲಗಡೆಯ ಕೆಳಮೂಲೆ: ಮನೆಯ ಬಾಗಿಲು ತೆರೆಯುತ್ತಿದೆ, ಒಂದು ಬೆಳಕಿನ ಗೆರೆ ಅವಳ ಮುಖದ ಮೇಲೆ, “ಅಮ್ಮಾ!”

ಪುಟ ತಿರುಗುತ್ತದೆ. 10ನೇ ಪುಟದ ಮೊದಲ ಪ್ಯಾನೆಲ್ ಪುಟದ ಮೂರನೇ ಒಂದು ಭಾಗ. ಅಮ್ಮನ ಮುಖ, ಸೌಜನ್ಯದ ನಗು: “ಯಾರನ್ನ ಹುಡುಕ್ತಿದ್ದೀಯಮ್ಮ?” ಅವಳ ಹಿಂದೆ ಮೇಜಿನ ಮೇಲೆ ಎರಡು ತಟ್ಟೆ. ಇಲ್ಲಿ ಅಮ್ಮ ಸಿಟ್ಟಾಗಿದ್ದರೆ, ಮುಖ ವಿಕಾರವಾಗಿದ್ದರೆ ಕಥೆ ಸತ್ತಂತೆ. ಅಪರಿಚಿತ ಮಗುವಿನ ಮೇಲೆ ಒಳ್ಳೆಯ ಹೆಂಗಸೊಬ್ಬಳಿಗೆ ಇರುವ ಕಾಳಜಿಯೇ ಇಲ್ಲಿನ ಅತಿ ಭಯಂಕರ ವಸ್ತು. ಉಳಿದ ನಾಲ್ಕು ಪ್ಯಾನೆಲ್‌ಗಳಲ್ಲಿ ಖಾಲಿ ಶಾಲೆ, ಮೆಟ್ಟಿಲ ಕೆಳಗಿನ ಪೆಟ್ಟಿಗೆ, ಹೊಸ ಹುಡುಗಿಯೊಬ್ಬಳು ಮುಚ್ಚಳ ತೆಗೆಯುವುದು, ಕೊನೆಗೆ ಅವಳ ಕೈಯಲ್ಲಿ ಒಂದು ಬ್ಲೇಜರ್. “ಚೆನ್ನಾಗಿದೆ. ಹೆಸರೇ ಇಲ್ಲ. ನಾನೇ ಇಟ್ಕೊಳ್ಳಲಾ?” ತೋಳಿನ ತುದಿಯಲ್ಲಿ, ಗಮನಿಸಿದರೆ ಮಾತ್ರ ಕಾಣುವಂತೆ, ಬೆರಳುಗಳ ತುದಿ. ಅದರ ಕೆಳಗೆ ನಿರೂಪಕಿಯ ಬುದ್ಧಿಮಾತು ಬೇಡ.

ಒಟ್ಟು 23 ಪ್ಯಾನೆಲ್. ಪ್ಯಾನೆಲ್‌ಗೆ ಸರಾಸರಿ 20 ಪದವಿಟ್ಟರೆ ಇಡೀ ಕಥೆಗೆ 460. ಮಾತು ಕೂರಿಸುವ ಒಂದೇ ಬಲೂನ್‌ನಲ್ಲಿ 25 ದಾಟಿದರೆ ಮಾತನ್ನು ಎರಡಾಗಿಸಿ ಇಲ್ಲವೇ ಕತ್ತರಿಸಿ. ಹಳೆಯ ಪತ್ರಿಕೆಗಳಲ್ಲಿ ಚಿತ್ರದಲ್ಲಿರುವುದನ್ನೇ ಯೋಚನೆಯ ಬಲೂನ್ ಮತ್ತೆ ಹೇಳುತ್ತಿತ್ತು. ಆ ಅಭ್ಯಾಸವನ್ನು ಪ್ರೀತಿಯಿಂದ ನಕಲಿಸುವವರಿದ್ದಾರೆ, ಆದರೆ ಪ್ರೀತಿಗೆ ಅರ್ಹವಾದ ಭಾಗ ಅದಲ್ಲ. ಯೋಚನೆಯ ಬಲೂನ್ ಉಳಿಸಿಕೊಳ್ಳಿ, ಅದರಲ್ಲಿ ಪಾತ್ರ ತನಗೇ ಹೇಳಿಕೊಳ್ಳುವ ಸುಳ್ಳು ಇರಲಿ: “ಟೀಚರಿಗೆ ಮರೆತಿರಬೇಕು.”

ಗೆರೆ, ಕಪ್ಪು, ಚುಕ್ಕೆ

‘ಮಿಸ್ಟಿ’ಗೆ ಬಿಡಿಸಿದವರಲ್ಲಿ ಸ್ಪೇನಿನ ಕಲಾವಿದರು ಹಲವರು: ಎಡ್ವಾರ್ಡೊ ಫೇಯ್ತೊ, ಹೆಸೂಸ್ ರೆಡೊಂಡೊ, ಇಸಿದ್ರೆ ಮೊನೆಸ್, ಜೋರ್ಡಿ ಬದಿಯಾ ರೊಮೆರೊ. ಗಟ್ಟಿ ಕಪ್ಪನ್ನು ಧಾರಾಳವಾಗಿ ಸುರಿದು, ಮುಖವನ್ನು ಮಾತ್ರ ಸೂಕ್ಷ್ಮ ಗೆರೆಯಲ್ಲಿ ಬಿಡಿಸುವ ಕೈ ಇವರದು. ಪ್ಯಾನೆಲ್‌ನ ಅಂಚು ಓರೆಯಾಗಬಹುದು, ಹುಡುಗಿಯ ಕೂದಲು ಅಂಚನ್ನು ದಾಟಿ ಪಕ್ಕದ ಪ್ಯಾನೆಲ್‌ಗೆ ಇಳಿಯಬಹುದು. ಆದರೆ ಅಂಚು ಒಡೆಯುವುದಕ್ಕೆ ಕಾರಣ ಬೇಕು. ನಮ್ಮ ಕಥೆಯ 7 ಮತ್ತು 8ನೇ ಪುಟದ ಅಂಚುಗಳು ನೆಟ್ಟಗಿರಲಿ. 9ರಲ್ಲಿ ಹೆಸರು ಕಳೆದುಹೋದ ಮೇಲೆ ಓರೆಯಾಗಲಿ. ಅಮ್ಮನ ಪ್ಯಾನೆಲ್ ಮತ್ತೆ ನೆಟ್ಟಗೆ, ಶಾಂತವಾಗಿ. ಮೊದಲಿಂದ ಕೊನೆಯವರೆಗೂ ಓರೆ ಹಾಕಿದರೆ ಅದು ಬರೀ ಅಲಂಕಾರ.

ಎ3 ಅಳತೆಯ ಬ್ರಿಸ್ಟಲ್ (ನುಣುಪಾದ ದಪ್ಪ) ಹಾಳೆಯ ಮೇಲೆ ಬಿಡಿಸಿ ಎ4ಗೆ ಇಳಿಸಿದರೆ ಗಾತ್ರ ಶೇ 71ಕ್ಕೆ ಬರುತ್ತದೆ. 0.3 ಮಿ.ಮೀ. ಗೆರೆ 0.21 ಆಗುತ್ತದೆ, ತೊಂದರೆಯಿಲ್ಲ. 0.1 ಮಿ.ಮೀ. ಪೆನ್ನಿನ ಗೆರೆ 0.07 ಆಗಿ ಅಲ್ಲಲ್ಲಿ ಮಾಯವಾಗುತ್ತದೆ. ಹಾಗಾಗಿ ಮೂಲದಲ್ಲಿ 0.2ಕ್ಕಿಂತ ಸಣ್ಣ ಪೆನ್ನು ಬೇಡ. ಅಕ್ಷರ ಅಚ್ಚಿನಲ್ಲಿ 8.5 ಪಾಯಿಂಟ್ ಬೇಕೆಂದರೆ ಎ3ಯಲ್ಲಿ ಕೈಬರಹ 12 ಪಾಯಿಂಟ್ ಇರಬೇಕು.

ಸ್ಕ್ಯಾನ್ ಮಾಡುವಾಗ ಬಹಳ ತಂಡಗಳು ಎಡವುತ್ತವೆ. ಗೆರೆಯ ಚಿತ್ರವನ್ನು 300 ಡಿಪಿಐ (ಇಂಚಿಗೆ 300 ಬಿಂದು) ಗ್ರೇಸ್ಕೇಲ್‌ನಲ್ಲಿ ಕಳಿಸಿದರೆ ಗೆರೆಯ ಅಂಚಿನ ಬೂದು ಬಣ್ಣವನ್ನು ಯಂತ್ರ ಚುಕ್ಕೆಗಳಾಗಿ ಒಡೆಯುತ್ತದೆ, ಅಚ್ಚಿನಲ್ಲಿ ಗೆರೆ ಉಣ್ಣೆಯಂತೆ ಜುಂಜಾಗಿ ಕಾಣುತ್ತದೆ. ಅಂತಿಮ ಅಳತೆಯಲ್ಲಿ 1200 ಡಿಪಿಐ, ಬರೀ ಕಪ್ಪು ಮತ್ತು ಬಿಳಿ, ನಡುವೆ ಬೂದು ಇಲ್ಲದ ಬಿಟ್‌ಮ್ಯಾಪ್. ಬೂದು ಬೇಕಿದ್ದ ಕಡೆ ಚುಕ್ಕೆಯ ಟೋನ್ (ಸಣ್ಣ ಕಪ್ಪು ಚುಕ್ಕೆಗಳ ಹಾಸು) ಹಾಕಿ, ಅದೂ ಅಳತೆ ಪೂರ್ತಿ ನಿಗದಿಯಾದ ಮೇಲೆ. ಇಂಚಿಗೆ 60 ಸಾಲಿನ ಟೋನ್ ಆದರೆ 1200 ಡಿಪಿಐಯಲ್ಲಿ ಒಂದು ಚುಕ್ಕೆಗೆ 20 ಪಿಕ್ಸೆಲ್ ಮನೆ. ಟೋನ್ ಹಾಕಿದ ಪುಟವನ್ನು ಆಮೇಲೆ ಶೇ 97ಕ್ಕೆ ಇಳಿಸಿದರೂ ಚುಕ್ಕೆಗಳು ಅಸಮವಾಗಿ, ಪುಟದ ತುಂಬ ಅಲೆಯಲೆಯಾಗಿ ಗೀಟುಗಳು ಏಳುತ್ತವೆ. ಕೋಟಿಂಗ್ ಇಲ್ಲದ ಕಾಗದ ಇಂಕ್ ಹೀರಿ ಚುಕ್ಕೆಯನ್ನು ಹಿಗ್ಗಿಸುತ್ತದೆ, ಆದ್ದರಿಂದ ಶೇ 10, 20, 30 ಈ ಮೂರೇ ಟೋನ್ ಸಾಕು. 10ಕ್ಕಿಂತ ತಿಳಿಯಾದದ್ದು ಕಾಣುವುದಿಲ್ಲ, 40 ದಾಟಿದ್ದು ಕಟ್ಟಿಕೊಂಡು ಮಸಿಯಾಗುತ್ತದೆ.

ಹಳದಿ ಕಾಗದದ ವಿಷಯ. ಕಂಪ್ಯೂಟರಿನಲ್ಲಿ ಪುಟದ ಹಿಂದೆ ಮಾಸಲು ಹಳದಿ ಹಾಕಿದರೆ ಒಳಪುಟಗಳನ್ನೂ ಬಣ್ಣದ ಅಚ್ಚಿಗೆ ಕೊಡಬೇಕಾಗುತ್ತದೆ, ಖರ್ಚು ಏರುತ್ತದೆ. ಇಷ್ಟಾಗಿಯೂ ಸಿಗುವುದು ಬಿಳಿ ಕಾಗದದ ಮೇಲಿನ ಹಳದಿ ಚುಕ್ಕೆಗಳೇ. ಆ ಬೆಚ್ಚಗಿನ ಬಣ್ಣ ನಿಜಕ್ಕೂ ಬೇಕಿದ್ದರೆ ಕೆನೆಬಣ್ಣದ, ಕೋಟಿಂಗ್ ಇಲ್ಲದ ಕಾಗದವನ್ನೇ ಕೇಳಿ. ಅಲ್ಲದೆ 1978ರಲ್ಲಿ ಆ ಪತ್ರಿಕೆ ಕೊಂಡ ಹುಡುಗಿಯ ಕೈಯಲ್ಲಿ ಅದು ಹಳದಿಯಾಗಿರಲಿಲ್ಲ, ಹೊಸದಾಗಿತ್ತು.

ಕೆಲವು ನೂರು ಪ್ರತಿಗಳಿಗೆ ಟೋನರ್ ಬಳಸುವ ಡಿಜಿಟಲ್ ಅಚ್ಚೇ ಸಿಗುವುದು ಹೆಚ್ಚು. ಟೋನರ್‌ನಲ್ಲಿ ಇಡೀ ಪುಟದ ಗಟ್ಟಿ ಕಪ್ಪು ಹೊಳೆಯುತ್ತದೆ, ಪಟ್ಟೆಪಟ್ಟೆಯಾಗಿ ಬೀಳುತ್ತದೆ, ಮಡಿಕೆಯಲ್ಲಿ ಬಿರಿದು ಬಿಳಿ ಕಾಣುತ್ತದೆ. ಆದ್ದರಿಂದ ದೊಡ್ಡ ಕತ್ತಲೆಯೊಳಗೆ ಒಣ ಕುಂಚದ ಗೀಟು, ಮಳೆ, ಗೋಡೆಯ ಒರಟು ಏನನ್ನಾದರೂ ಇಟ್ಟು ಕಪ್ಪನ್ನು ಒಡೆಯಿರಿ. ಕಪ್ಪು ಅಂದರೆ ಕಪ್ಪು ಇಂಕ್ ಒಂದೇ ಶೇ 100. ಮುಖಪುಟದ ಸಣ್ಣ ಅಕ್ಷರಗಳಿಗೆ ನಾಲ್ಕು ಬಣ್ಣ ಬೆರೆಸಿದ ಕಪ್ಪು ಕೊಟ್ಟರೆ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ.

ಕಾಗದ 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ) ಎಂದಿಟ್ಟುಕೊಳ್ಳಿ. 32 ಪುಟ ಅಂದರೆ ಎಂಟು ಎ3 ಹಾಳೆ, ಒಟ್ಟು ಹೆಚ್ಚುಕಡಿಮೆ ಒಂದು ಚದರ ಮೀಟರ್. ಹಾಗಾಗಿ ಜಿಎಸ್‌ಎಂ ಎಷ್ಟೋ ಪ್ರತಿಯ ತೂಕವೂ ಅಷ್ಟೇ ಗ್ರಾಂ: 100. ರಟ್ಟಿನ ಲಕೋಟೆ ಸೇರಿದೊಡನೆ ಬ್ರಿಟಿಷ್ ಅಂಚೆಯ 100 ಗ್ರಾಂ ಮೆಟ್ಟಿಲು ದಾಟುತ್ತದೆ. 80 ಜಿಎಸ್‌ಎಂ ಮಾಡಿದರೂ ಗಟ್ಟಿ ಲಕೋಟೆಯಿಂದಾಗಿ ದಾಟಿಯೇ ದಾಟುತ್ತದೆ, ಹಿಂಬದಿಯ ಕಪ್ಪು ಈಚೆ ಕಾಣುವ ಕಾಟ ಬೇರೆ. ಉಳಿತಾಯವಿಲ್ಲದ ಕಡೆ ಕಾಗದ ತೆಳುಮಾಡಬೇಡಿ. ಎಂಟು ಹಾಳೆ ಒಂದರೊಳಗೊಂದು ಕೂತಾಗ ಒಳಗಿನ ಹಾಳೆ ಹೊರಗಿನದಕ್ಕಿಂತ ಸುಮಾರು 1 ಮಿ.ಮೀ. ಮುಂದೆ ಬಂದು ಕತ್ತರಿಗೆ ಸಿಗುತ್ತದೆ. ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಚಾಚುವ ಚಿತ್ರ) 3 ಮಿ.ಮೀ. ಬಿಡಿ, ಬಲೂನ್‌ಗಳು ಅಂಚಿನಿಂದ 8 ಮಿ.ಮೀ. ಒಳಗಿರಲಿ.

ಹೆಸರು ಯಾರದು, ಹಕ್ಕು ಯಾರದು

‘ಮಿಸ್ಟಿ’ಯ ಸಂಪಾದಕ ಸ್ಥಾನವನ್ನು ಮಿಲ್ಸ್ ವಹಿಸಿಕೊಳ್ಳಲಿಲ್ಲ. ಲಾಭದಲ್ಲಿ ಪಾಲು ಕೇಳಿದ್ದರು, ಸಿಗಲಿಲ್ಲ, ಸಲಹೆಗಾರರಾಗಿ ಉಳಿದರು. ವಿಲ್ಫ್ ಪ್ರಿಗ್ಮೋರ್, ಆಮೇಲೆ ಮಾಲ್ಕಮ್ ಶಾ ಪತ್ರಿಕೆ ನಡೆಸಿದರು. ಕೊನೆಗೆ ಐಪಿಸಿಯ ರೂಢಿಯಂತೆ ಅದನ್ನು ‘ಟ್ಯಾಮಿ’ಯೊಳಗೆ ಸೇರಿಸಲಾಯಿತು. ಅದಕ್ಕೆ ಮೊದಲು ‘ಸ್ಯಾಲಿ’, ‘ಸ್ಯಾಂಡಿ’, ‘ಜೂನ್’ ಇವೆಲ್ಲ ಅಲ್ಲೇ ಕರಗಿದ್ದವು, ಮರುವರ್ಷ ‘ಜಿಂಟಿ’ಯೂ. ಆಗ ಈ ಪತ್ರಿಕೆಗಳಲ್ಲಿ ಬರೆದವರ, ಬಿಡಿಸಿದವರ ಹೆಸರು ಸಾಮಾನ್ಯವಾಗಿ ಅಚ್ಚಾಗುತ್ತಿರಲಿಲ್ಲ. ಗೆರೆಯ ವರಸೆ ನೋಡಿ, ಬದುಕಿದ್ದವರನ್ನು ಕೇಳಿ ಓದುಗರೂ ಸಂಶೋಧಕರೂ ದಶಕಗಳ ನಂತರ ಹೆಸರು ಹಚ್ಚಿದರು. ಅಷ್ಟು ಒಳ್ಳೆಯ ಕೆಲಸ ಮಾಡಿದವರಿಗೆ ಆದ ಈ ಅನ್ಯಾಯವನ್ನು ಅದೇ ಮಾದರಿಯ ಹೊಸ ಕಾಮಿಕ್ ಮತ್ತೆ ಮಾಡಬಾರದು. ಪ್ರತಿ ಕಥೆಯ ಮೊದಲ ಪುಟದಲ್ಲೇ ಬರಹ, ಚಿತ್ರ, ಅಕ್ಷರ ಎಂದು ಹೆಸರು ಹಾಕಿ. ಕಥೆಯ ಹಕ್ಕು ಯಾರಲ್ಲಿ, ಮೂಲ ಚಿತ್ರದ ಹಾಳೆ ಯಾರ ಬಳಿ, ಮರುಮುದ್ರಣವಾದರೆ ಹಣ ಹೇಗೆ ಹಂಚಿಕೆ ಎಂಬುದನ್ನು ಮೊದಲ ಗೆರೆ ಎಳೆಯುವ ಮುನ್ನ ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಮಾಡಲಿ.

‘ಮಿಸ್ಟಿ’ ಅನಾಥ ಆಸ್ತಿಯಲ್ಲ. 2016ರಲ್ಲಿ ರೆಬೆಲಿಯನ್ ಸಂಸ್ಥೆ 1970ರ ನಂತರದ ಫ್ಲೀಟ್‌ವೇ (ಐಪಿಸಿಯ ಕಾಮಿಕ್ ವಿಭಾಗಕ್ಕೆ ಆಮೇಲೆ ಬಂದ ಹೆಸರು) ಪತ್ರಿಕೆಗಳ ಹಕ್ಕು ಕೊಂಡು ಮರುಮುದ್ರಣ ಆರಂಭಿಸಿತು, 2017ರಲ್ಲಿ ‘ಸ್ಕ್ರೀಮ್’ ಎಂಬ ಇನ್ನೊಂದು ಹಳೆಯ ಭಯದ ಪತ್ರಿಕೆಯ ಜೊತೆ ಸೇರಿಸಿ ಹೊಸ ವಿಶೇಷಾಂಕವನ್ನೂ ತಂದಿತು. ‘ಸ್ಪೆಲ್‌ಬೌಂಡ್’ ಡಿ.ಸಿ. ಥಾಮ್ಸನ್‌ನದು. ಆದ್ದರಿಂದ ಆ ಹೆಸರು, ಆ ಅಕ್ಷರಶೈಲಿಯ ಶೀರ್ಷಿಕೆ, ಉದ್ದ ಕಪ್ಪು ಕೂದಲಿನ ಅದೇ ನಿರೂಪಕಿ ಬೇಡ. ನಿರೂಪಕಿ ಬೇಕಿದ್ದರೆ ಅವಳಿಗೆ ಒಂದು ಜಾಗ, ಒಂದು ಕೆಲಸ ಕೊಡಿ: ರಾತ್ರಿ ಪಾಳಿಯ ಟೆಲಿಫೋನ್ ಆಪರೇಟರ್, ಮುಚ್ಚಿದ ಈಜುಕೊಳದ ಕಾವಲುಗಾರ್ತಿ. ಎರಡನೇ ಪುಟದ ಅವಳ ಮಾತು 80 ಪದ ದಾಟದಿರಲಿ, ಮುಂದಿನ ಯಾವ ಕಥೆಯ ಗುಟ್ಟನ್ನೂ ಬಿಡದಿರಲಿ. ಪ್ರಕಟಿಸಿದ ಒಂದು ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಒಂದು ಪ್ರತಿ ಸಲ್ಲಿಸುವುದು ಅಲ್ಲಿನ ಕಾನೂನು. ಮನೆಯಿಂದ ಪ್ರಕಟಿಸುವವರಿಗೂ ಅದು ಅನ್ವಯ.

ಅಚ್ಚಿಗೆ ಕೊಡುವ ಮುನ್ನ ಎಂಟು ಎ3 ಹಾಳೆ ಮಡಿಚಿ ಪಿನ್ ಹೊಡೆದು, ಮನೆಯ ಪ್ರಿಂಟರ್‌ನಲ್ಲಿ ತೆಗೆದ ಪುಟಗಳನ್ನು ಅಂಟಿಸಿ ಡಮ್ಮಿ ಮಾಡಿ. ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಮಾತಾಡದೆ ನೋಡುತ್ತಿರಿ. 8ನೇ ಪುಟದಲ್ಲಿ ಅವರ ಕಣ್ಣು ಮೂರು ತಟ್ಟೆಗಳ ಮೇಲೆ ಹಾದು ಹೋಗದಿದ್ದರೆ 10ನೇ ಪುಟದ ಎರಡು ತಟ್ಟೆ ವ್ಯರ್ಥ. ಮೇಜನ್ನು ಮುಂದಕ್ಕೆ ತಂದು ತಟ್ಟೆಗಳ ಸುತ್ತ ಬಿಳಿ ಬಿಡಿ. ಬಲಪುಟವನ್ನು ಹಿಡಿಯುವ ಹೆಬ್ಬೆರಳು ಸಾಮಾನ್ಯವಾಗಿ ಕೆಳಮೂಲೆಯಲ್ಲಿರುತ್ತದೆ. 9ನೇ ಪುಟದ ಕೊನೆಯ ಪ್ಯಾನೆಲ್‌ನಲ್ಲಿ ಬಾಗಿಲಿನ ಬೆಳಕಿನ ಗೆರೆ ಆ ಬೆರಳಿನ ಕೆಳಗೆ ಹೋಗುತ್ತಿದ್ದರೆ ಅದನ್ನು 15 ಮಿ.ಮೀ. ಎಡಕ್ಕೆ ತನ್ನಿ, “ಅಮ್ಮಾ!” ಎಂಬ ಬಲೂನನ್ನು ಅದರ ಮೇಲಕ್ಕೆ ಏರಿಸಿ.